30 ಲೀಟರ್ ಎಂದುಕೊಂಡೆವು, 40 ಹಿಡಿಯಿತು!

ಪ್ರಶ್ನೆ: ನಾಲ್ವರು ಗೆಳೆಯರು ನನ್ನ ಕಾರಿನಲ್ಲಿ ಪ್ರವಾಸ ಹೋಗಿದ್ದೆವು. ಹೋಗಿಬರಲು 600 ಕಿ.ಮೀ.; ಅರ್ಧ ಹೆದ್ದಾರಿ, ಅರ್ಧ ಬೆಟ್ಟದ ರಸ್ತೆ. ಕಂಪನಿ ಹೇಳಿದ ಮೈಲೇಜ್ ಲೀಟರಿಗೆ 20 ಕಿ.ಮೀ. ಆದ್ದರಿಂದ 30 ಲೀಟರ್ ಸಾಕೆಂದು ಎಲ್ಲರಿಂದ ಹಣ ಸಂಗ್ರಹಿಸಿದೆ. 40 ಲೀಟರ್ ಬೇಕಾಯಿತು. ಲೆಕ್ಕ ಎಲ್ಲಿ ತಪ್ಪಿತು? ಉಳಿದ ಹಣ ಕೇಳಲು ಸಂಕೋಚವಾಗುತ್ತಿದೆ.

ಉತ್ತರ: ಸಂಕೋಚ ಬೇಡ, ಕೇಳಿ. ಪ್ರಯಾಣ ನಾಲ್ವರದು, ಪೆಟ್ರೋಲೂ ನಾಲ್ವರದೇ.

ನಿಮ್ಮ ಸೂತ್ರ ಸರಿಯಾಗಿದೆ: ದೂರವನ್ನು ಮೈಲೇಜಿನಿಂದ ಭಾಗಿಸಿ, ಬಂದ ಲೀಟರನ್ನು ದರದಿಂದ ಗುಣಿಸಬೇಕು. ಎಡವಿದ್ದು ಆ 20ರಲ್ಲಿ. ಅದು ನಿಗದಿತ ಕ್ರಮದಲ್ಲಿ ವೇಗ ಏರಿಳಿಸುತ್ತ ಪ್ರಯೋಗಾಲಯದ ರೋಲರುಗಳ ಮೇಲೆ ಓಡಿಸಿ ಪಡೆದ ಅಂಕಿ. ಅಲ್ಲಿ ನಾಲ್ವರ ಭಾರವಾಗಲಿ, ಬೆಟ್ಟದ ಏರಾಗಲಿ ಇರುವುದಿಲ್ಲ.

ನಿಮ್ಮ ಕಾರಿನ ಮೈಲೇಜನ್ನು ನೀವೇ ಅಳೆಯಿರಿ. ಬಂಕಿನಲ್ಲಿ ಪೈಪು ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಓಡಿಸಿದ ಮೇಲೆ ಮತ್ತೆ ಅದೇ ರೀತಿ ತುಂಬಿಸಿ. 412 ಕಿ.ಮೀ. ಓಡಿ ಎರಡನೆಯ ಸಲ 27.5 ಲೀಟರ್ ಹಿಡಿದರೆ ಮೈಲೇಜ್ ಸುಮಾರು 15. ನನ್ನ ಕಾರಿನಲ್ಲಿರುವ ಪುಟ್ಟ ಪುಸ್ತಕದಲ್ಲಿ ಹೆದ್ದಾರಿ, ಬೆಟ್ಟ, ಊರೊಳಗಿನ ಓಡಾಟ ಮೂರಕ್ಕೂ ಬೇರೆ ಬೇರೆ ಪುಟಗಳಿವೆ. ನೀವೂ ಹಾಗೆಯೇ ಬರೆದಿಡಿ.

ಇನ್ನೊಂದು ವಿಷಯದಲ್ಲಿ ಲೆಕ್ಕ ಬಲ್ಲವರೂ ಮುಗ್ಗರಿಸುವುದನ್ನು ಕಂಡಿದ್ದೇನೆ. ಹೆದ್ದಾರಿಯಲ್ಲಿ 20, ಬೆಟ್ಟದಲ್ಲಿ 12 ಸಿಕ್ಕರೆ ಸರಾಸರಿ 16 ಎಂದು ಹಿಡಿಯುತ್ತಾರೆ. 600 ಕಿ.ಮೀ.ಗೆ 37.5 ಲೀಟರ್ ಎನ್ನುತ್ತಾರೆ. ಹಾಗಲ್ಲ. ಹೆದ್ದಾರಿಯ 300 ಕಿ.ಮೀ.ಗೆ 15 ಲೀಟರ್, ಬೆಟ್ಟದ 300 ಕಿ.ಮೀ.ಗೆ 25 ಲೀಟರ್, ಒಟ್ಟು 40. ನಿಮಗೆ ಬೇಕಾದದ್ದೂ ಅಷ್ಟೇ ಅಲ್ಲವೇ? ಮೈಲೇಜುಗಳ ಸರಾಸರಿ ತೆಗೆಯಬೇಡಿ, ಲೀಟರುಗಳನ್ನು ಕೂಡಿಸಿ. ಕಡಿಮೆ ಮೈಲೇಜಿನ ದಾರಿಯೇ ಹೆಚ್ಚು ಇಂಧನ ಕುಡಿಯುವುದರಿಂದ ಅದರ ಪಾಲನ್ನು ಸರಾಸರಿ ಮುಚ್ಚಿಹಾಕುತ್ತದೆ.

ವೇಗವನ್ನೂ ಗಮನಿಸಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 80ರ ಬದಲು 100 ಕಿ.ಮೀ. ಓಡಿಸಿದರೆ ಅದು ಒಂದೂವರೆ ಪಟ್ಟು ದಾಟುತ್ತದೆ. ಚಾವಣಿಯ ಮೇಲೆ ಸಾಮಾನು ಕಟ್ಟಿದರೂ, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ನಷ್ಟವೇ.

ಮುಂದಿನ ಸಲ ಹೊರಡುವಾಗ ನಿಮ್ಮ ಖರ್ಚಿನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ದಾರಿಯಲ್ಲಿ ಹಾಕಿಸಿದ್ದು, ಮರಳಿದ ಮೇಲೆ ಮತ್ತೆ ಪೂರ್ತಿ ತುಂಬಿಸಿದ್ದು, ಈ ರಸೀದಿಗಳ ಮೊತ್ತವೇ ಪ್ರವಾಸದ ಇಂಧನ ವೆಚ್ಚ. ಅದಕ್ಕೆ ಟೋಲ್ ಸೇರಿಸಿ ಹಂಚಿಕೊಳ್ಳಿ. ಕಾರಿನ ಸವೆತ ನಿಮ್ಮ ಪಾಲಿಗೇ ಬರುವುದರಿಂದ ನಿಮ್ಮ ಭಾಗವನ್ನು ತುಸು ಕಡಿಮೆ ಇಟ್ಟುಕೊಂಡರೆ ಅದು ನ್ಯಾಯವೇ ಎಂಬುದು ನನ್ನ ಅಭಿಪ್ರಾಯ. ಆದರೆ ಆ ಮಾತನ್ನು ಹೊರಡುವ ಮೊದಲೇ ಆಡಿಬಿಡಿ.