ಅಮ್ಮ ಕೊಟ್ಟ ಕಿಡ್ನಿ, ಮಗ ಬಿಟ್ಟ ಮಾತ್ರೆ

ಹುಡುಗನಿಗೆ 15 ವರ್ಷ, ಹತ್ತನೇ ಕ್ಲಾಸು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಮೂರು ವರ್ಷದ ಹಿಂದೆ ಅವನಿಗೆ ಅಮ್ಮನ ಕಿಡ್ನಿ ಹಾಕಿದ್ದರು, ಅಪ್ಪನ ರಕ್ತದ ಗುಂಪು ಹೊಂದಿರಲಿಲ್ಲ. ಚೆನ್ನಾಗೇ ಇದ್ದ. ಈ ಸಲ ನೋಡಿದರೆ ಕ್ರಿಯೇಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಹೆಚ್ಚಾಗುವ ಕಲ್ಮಶ) ಏರಿದೆ, ರಕ್ತದಲ್ಲಿ ಟ್ಯಾಕ್ರೋಲಿಮಸ್, ಅಂದರೆ ಹಾಕಿದ ಕಿಡ್ನಿಯನ್ನು ಮೈ ತಿರಸ್ಕರಿಸದ ಹಾಗೆ ತಡೆಯುವ ಔಷಧ, ತೀರಾ ಕಡಿಮೆ. ಸ್ಟ್ರಿಪ್ಪುಗಳು ಖಾಲಿ ಆಗ್ತಾನೇ ಇದ್ದವು, ಹಾಗಾಗಿ ಮನೆಯಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ಕೊನೆಗೆ ಅವನ ಜಾಮಿಟ್ರಿ ಬಾಕ್ಸಿನಲ್ಲಿ ಒಂದಷ್ಟು ಕ್ಯಾಪ್ಸೂಲ್ ಸಿಕ್ಕಿದವು.

"ಹೊಟ್ಟೆ ಕೊಯ್ಸಿಕೊಂಡು ಕಿಡ್ನಿ ಕೊಟ್ಟಿದ್ದೀನಿ ಮೇಡಂ, ಇವನಿಗೆ ಎರಡು ಮಾತ್ರೆ ನುಂಗಕ್ಕೆ ಏನು ಧಾಡಿ?" ಅಂತ ಅಮ್ಮ ಅವನ ಎದುರಿಗೇ ಕೇಳಿದರು. ಅವರನ್ನು ಹೊರಗೆ ಕೂರಿಸಿದ ಮೇಲೆ ಹುಡುಗ ಬಾಯಿಬಿಟ್ಟ. "ಮನೇಲಿ ಏನೇ ಜಗಳ ಆದ್ರೂ ಕೊನೆಗೆ ಕಿಡ್ನಿಗೇ ಬರುತ್ತೆ. ಮಾರ್ಕ್ಸ್ ಕಮ್ಮಿ ಬಂದ್ರೂ ಅದೇ, ಮೊಬೈಲ್ ಹಿಡಿದ್ರೂ ಅದೇ." ಸ್ಟೀರಾಯ್ಡಿನಿಂದ ಮುಖ ಊದಿಕೊಂಡಿದೆ, ಕ್ಲಾಸಿನಲ್ಲಿ 'ಬನ್ನು' ಅಂತ ಕರೀತಾರಂತೆ. ರಾತ್ರಿ 8ರ ಮಾತ್ರೆ ಟ್ಯೂಷನ್‌ನಲ್ಲಿ ಎಲ್ಲರೆದುರು ನುಂಗಬೇಕು.

ಕಸಿ ಆದ ಮಕ್ಕಳಲ್ಲಿ ಈ ವಯಸ್ಸೇ ಕಷ್ಟದ್ದು. ಚಿಕ್ಕವರಿದ್ದಾಗ ಅಮ್ಮ ಬಾಯಿಗೆ ಹಾಕ್ತಾರೆ, ನುಂಗ್ತಾರೆ. ಹದಿಹರೆಯದಲ್ಲಿ ಮಾತ್ರೆ ತಪ್ಪಿಸಿಯೇ ಕಿಡ್ನಿ ಕಳೆದುಕೊಳ್ಳುವವರಿದ್ದಾರೆ. ಒಂದೆರಡು ಡೋಸ್ ಬಿಟ್ಟರೆ ತಕ್ಷಣ ಏನೂ ಗೊತ್ತಾಗಲ್ಲ, ಮೈ ಒಳಗೊಳಗೇ ಆ ಕಿಡ್ನಿಯನ್ನು ಹೊರಗಿನದು ಅಂತ ತಿರಸ್ಕರಿಸೋಕೆ ಶುರು ಮಾಡಿರುತ್ತೆ.

ಹುಡುಗನಿಗೆ ಮೊದಲು ಹೇಳಿದ್ದು: ಬಿಟ್ಟಿದ್ದನ್ನು ಡಾಕ್ಟರಿಗೆ ಇದ್ದ ಹಾಗೇ ಹೇಳು. ನೀನು ಮುಚ್ಚಿಟ್ಟರೆ ಅವರು ಔಷಧ ಸಾಲದು ಅಂದುಕೊಂಡು ಡೋಸ್ ಏರಿಸ್ತಾರೆ, ಆಮೇಲೆ ನೀನು ಸರಿಯಾಗಿ ನುಂಗಲು ಶುರು ಮಾಡಿದರೆ ಅದೇ ಜಾಸ್ತಿ ಆಗಿ ಕಿಡ್ನಿಗೇ ಪೆಟ್ಟು. ಸ್ಟೀರಾಯ್ಡ್ ಕಡಿಮೆ ಮಾಡಬಹುದಾ ಅಂತ ನೀನೇ ಕೇಳು, ಸುಮ್ನೆ ನೀನಾಗೇ ನಿಲ್ಲಿಸಬೇಡ. ಎರಡು ಡೋಸಿನ ನಡುವೆ 12 ಗಂಟೆ ಇರಬೇಕು, ನಿಜ. ಆದರೆ ಅದು 8 ಗಂಟೆಗೇ ಆಗಬೇಕೆಂದಿಲ್ಲ. ಡಾಕ್ಟರ್ ಒಪ್ಪಿ ಬೆಳಿಗ್ಗೆ 6, ಸಂಜೆ 6 ಮಾಡಿದರು. ದಿನಕ್ಕೆ ಒಂದೇ ಸಲ ನುಂಗುವ ಬಗೆಯೂ ಇದೆ, ಅದನ್ನು ಕಿಡ್ನಿ ಒಂದು ಹದಕ್ಕೆ ಬಂದ ಮೇಲೆ ನೋಡೋಣ ಅಂದರು.

ಅಮ್ಮನ ಜೊತೆ ಮಾತಿಗೆ ಜಾಸ್ತಿ ಹೊತ್ತು ಬೇಕಾಯ್ತು. ಕಿಡ್ನಿ ಕೊಟ್ಟ ಮಾತನ್ನು ಮನೆಯಲ್ಲಿ ಎತ್ತಲೇಬೇಡಿ, ತಮಾಷೆಗೂ ಬೇಡ, ಅಂದೆ. ಅತ್ತರು. ಅವರ ಭಯ ಬೇರೆ ಇತ್ತು: ಇದು ಹೋದರೆ ಕೊಡೋಕೆ ಇನ್ನೊಂದಿಲ್ಲ. ಚೆನ್ನಾಗಿ ನೋಡಿಕೊಂಡರೂ ಕಸಿ ಮಾಡಿದ ಕಿಡ್ನಿ ಸಾಮಾನ್ಯವಾಗಿ ಜೀವನಪೂರ್ತಿ ಬರಲ್ಲ, ಮುಂದೆ ಡಯಾಲಿಸಿಸ್ಸೋ ಇನ್ನೊಂದು ಕಸಿಯೋ ಬೇಕಾಗಬಹುದು ಅನ್ನೋದನ್ನ ಹುಡುಗನನ್ನೂ ಕೂರಿಸಿಕೊಂಡೇ ಮಾತಾಡಿದೆವು. ಮಾತ್ರೆ ಡಬ್ಬಿ ಇನ್ನು ಅವನ ಕೈಲಿ, ಭಾನುವಾರ ಅಪ್ಪ ಎಣಿಸಿ ತುಂಬಿಸೋದು. ಬೈಯುವಂತಿಲ್ಲ.

ತಿರಸ್ಕಾರ ತಡೆಯೋಕೆ ಇಂಜೆಕ್ಷನ್ ಕೊಟ್ಟ ಮೇಲೆ ಹುಡುಗನ ಕ್ರಿಯೇಟಿನಿನ್ ಇಳಿದಿದೆ, ಮೊದಲಿನಷ್ಟಕ್ಕೆ ಬಂದಿಲ್ಲ. ಅಂದಹಾಗೆ, ಕಿಡ್ನಿ ಕೊಟ್ಟವರೂ ವರ್ಷಕ್ಕೊಮ್ಮೆ ಬಿಪಿ, ಮೂತ್ರ, ಕ್ರಿಯೇಟಿನಿನ್ ನೋಡಿಸಿಕೊಳ್ಳಬೇಕು. ಈ ಅಮ್ಮ ಎರಡು ವರ್ಷದಿಂದ ಹೋಗಿರಲಿಲ್ಲ. ಅವರ ಚೀಟಿಯನ್ನೂ ಅವತ್ತೇ ಬರೆಸಿದೆ.