ಸಂಪಾದಕರ ಉತ್ತರ: ವಿಡಿಯೋ ನಂಬ್ಲಾ, ಡಾಕ್ಟರ್ ಮಾತು ನಂಬ್ಲಾ?

ಓದುಗರೊಬ್ಬರ ಪತ್ರ (ಹೆಸರು, ಊರು ಹಾಕ್ಬೇಡಿ ಅಂತ ಕೇಳ್ಕೊಂಡಿದ್ದಾರೆ):

"ನನ್ನ ಮಗಳಿಗೆ 12 ವರ್ಷ. ಡಾಕ್ಟರು ಎಚ್‌ಪಿವಿ ಲಸಿಕೆ ಹಾಕ್ಸಿ, ಮುಂದೆ ಗರ್ಭಕಂಠದ ಕ್ಯಾನ್ಸರ್ ಬರದ ಹಾಗೆ ತಡೆಯುತ್ತೆ ಅಂದ್ರು. ಅದೇ ವಾರ ನಮ್ಮ ಮಹಿಳಾ ಸಂಘದ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಆಂಧ್ರ, ಗುಜರಾತಲ್ಲಿ ಈ ಲಸಿಕೆ ಹಾಕಿಸ್ಕೊಂಡ ಏಳು ಹೆಣ್ಮಕ್ಕಳು ಸತ್ತುಹೋದ್ರು, ಎಲ್ಲ ಮುಚ್ಚಿಟ್ಟಿದ್ದಾರೆ ಅಂತ. ಗೂಗಲ್ ಮಾಡಿದ್ರೆ ಹೌದು ಅನ್ನೋದೂ ಬರುತ್ತೆ, ಅಲ್ಲ ಅನ್ನೋದೂ ಬರುತ್ತೆ. ನಿಮ್ಮ ಪತ್ರಿಕೇಲಿ ಈ ಲಸಿಕೆ ಒಳ್ಳೇದು ಅಂತ ಬರ್ದಿದ್ರಿ, ಆದ್ರೆ 'ಅಧ್ಯಯನಗಳ ಪ್ರಕಾರ' ಅಂತಷ್ಟೇ ಇತ್ತು, ಯಾವ ಅಧ್ಯಯನ ಅಂತ ಇರ್ಲಿಲ್ಲ. ಹಾಗಾದ್ರೆ ನಿಮಗೂ ಆ ವಿಡಿಯೋಗೂ ಏನು ವ್ಯತ್ಯಾಸ? ನಾನು ಪಿಯುಸಿ ಓದಿದವಳು, ಇಂಗ್ಲಿಷ್ ಅಷ್ಟಿಷ್ಟು ಬರುತ್ತೆ. ನಮ್ಮಂಥವರು ಇಂಟರ್ನೆಟ್ಟಲ್ಲಿ ನಿಜ ಹುಡುಕೋದು ಹೆಂಗೆ?"

ನಮಸ್ಕಾರ ಅಮ್ಮಾ,

ನಿಮ್ಮ ಪತ್ರ ಬಂದು ಹತ್ತು ದಿನ ಆಯ್ತು. ಮೊದಲು ನಾಲ್ಕು ಸಾಲಲ್ಲಿ ಉತ್ತರ ಬರ್ದು ಮುಗಿಸೋಣ ಅನ್ಕೊಂಡಿದ್ದೆ, ಆದ್ರೆ ನೀವು ಕೇಳಿರೋ ಕೊನೇ ಪ್ರಶ್ನೆ ಬಿಡ್ಲಿಲ್ಲ, ಅದಕ್ಕೇ ಎರಡು ಸಂಜೆ ಕೂತು ನೀವು ಹುಡುಕಿದ್ದನ್ನೆಲ್ಲ ನಾನೂ ಹುಡುಕಿದೆ. ಈಗ ಪೂರ್ತಿ ಬರೀತಾ ಇದೀನಿ, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಎಚ್‌ಪಿವಿ ಅನ್ನೋದು ಗರ್ಭಕಂಠದ, ಅಂದ್ರೆ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಕಾರಣ ಆಗೋ ವೈರಸ್, ಲಸಿಕೆ ಇರೋದು ಅದನ್ನ ತಡೆಯೋಕೆ. ಮೊದಲು ಆ ವಿಡಿಯೋ ವಿಷಯ. ಅದು ಪೂರ್ತಿ ಸುಳ್ಳಲ್ಲ, ಅದೇ ಅದರ ಕಷ್ಟ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ, ಗುಜರಾತಿನ ವಡೋದರಾದಲ್ಲಿ ಸುಮಾರು 24 ಸಾವಿರ ಹೆಣ್ಮಕ್ಕಳಿಗೆ ಈ ಲಸಿಕೆ ಹಾಕಿದ್ದು ನಿಜ. ಪಾತ್ ಅನ್ನೋ ಅಮೆರಿಕದ ಸಂಸ್ಥೆ, ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಆ ಎರಡು ರಾಜ್ಯ ಸರ್ಕಾರಗಳು ಸೇರಿ ಮಾಡಿದ ಯೋಜನೆ ಅದು. ಅದ್ರಲ್ಲಿ ಏಳು ಮಕ್ಕಳು ತೀರ್ಕೊಂಡಿದ್ದೂ ನಿಜ, 2010ರ ಏಪ್ರಿಲಲ್ಲಿ ಯೋಜನೆ ನಿಲ್ಲಿಸಿದ್ದೂ ನಿಜ. ವಿಡಿಯೋ ಇಲ್ಲಿಗೆ ನಿಲ್ಲುತ್ತೆ. ಆದ್ರೆ ಸರ್ಕಾರ ಆಮೇಲೆ ತನಿಖಾ ಸಮಿತಿ ನೇಮಿಸ್ತು, ಅವರು ಒಂದೊಂದು ಸಾವನ್ನೂ ಬಿಡಿಬಿಡಿಯಾಗಿ ನೋಡಿದ್ರು. ಒಂದು ಮಗು ನೀರಲ್ಲಿ ಮುಳುಗಿದ್ದು, ಇನ್ನೊಂದಕ್ಕೆ ಹಾವು ಕಚ್ಚಿದ್ದು, ಕೀಟನಾಶಕ ಕುಡಿದ ಪ್ರಕರಣಗಳಿದ್ವು, ಮಲೇರಿಯಾ ಇತ್ತು. ಸಾವಿಗೂ ಲಸಿಕೆಗೂ ಸಂಬಂಧ ಇರೋ ಸಾಧ್ಯತೆ ಕಡಿಮೆ ಅಂತ ಸಮಿತಿ 2011ರಲ್ಲಿ ಹೇಳ್ತು. 24 ಸಾವಿರ ಮಕ್ಕಳು ಅಂದ್ರೆ ಎಷ್ಟೋ ಹಳ್ಳಿಗಳ ಮಕ್ಕಳು, ಅಷ್ಟು ಮಕ್ಕಳ ಮಧ್ಯೆ ತಿಂಗಳುಗಟ್ಟಲೆ ಕಾಲದಲ್ಲಿ ಹಾವು ನೀರು ಜ್ವರ ಇರುತ್ವಲ್ಲ, ಲಸಿಕೆ ಹಾಕಿದ್ರೂ ಹಾಕದಿದ್ರೂ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಅಂತೀವಲ್ಲ, ಹಾಗೆ.

ಇಷ್ಟು ಹೇಳಿ "ನೋಡಿ ವಿಡಿಯೋ ಸುಳ್ಳು" ಅಂತ ಮುಗಿಸಿದ್ರೆ ನಾನೂ ಅರ್ಧ ಕಥೆ ಹೇಳ್ದಂಗೆ ಆಗುತ್ತೆ. ಯಾಕಂದ್ರೆ ಅದೇ ತನಿಖೆಯಲ್ಲಿ ಇನ್ನೊಂದು ವಿಷಯಾನೂ ಹೊರಗೆ ಬಂತು, ಮತ್ತು ಅದು ಸಣ್ಣ ವಿಷಯ ಅಲ್ಲ. ಖಮ್ಮಂ ಕಡೆ ಹಾಸ್ಟೆಲಲ್ಲಿ ಇದ್ದ ಎಷ್ಟೋ ಬುಡಕಟ್ಟು ಮಕ್ಕಳಿಗೆ ಅಪ್ಪ ಅಮ್ಮನ ಒಪ್ಪಿಗೆ ಕೇಳದೇನೇ ವಾರ್ಡನ್‌ಗಳು, ಹೆಡ್‌ಮಾಸ್ಟರ್‌ಗಳು ಸಹಿ ಹಾಕಿಬಿಟ್ಟಿದ್ರು. 2013ರ ಆಗಸ್ಟಲ್ಲಿ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ ಇದನ್ನ ತುಂಬ ಕಟುವಾಗಿ ಟೀಕೆ ಮಾಡ್ತು, ಪಾತ್ ಸಂಸ್ಥೆಯನ್ನೂ ಬಿಡ್ಲಿಲ್ಲ, ಐಸಿಎಂಆರನ್ನೂ ಬಿಡ್ಲಿಲ್ಲ. ಸಂಸತ್ತಿನಲ್ಲಿ ಮಂಡಿಸಿದ ವರದಿ ಅದು, ಯಾರು ಬೇಕಾದ್ರೂ ಓದಬಹುದು. ಅಂದ್ರೆ "ಮುಚ್ಚಿಟ್ಟಿದ್ದಾರೆ" ಅನ್ನೋ ಮಾತು ತಪ್ಪು, "ಏನೋ ತಪ್ಪು ನಡೀತು" ಅನ್ನೋ ಮಾತು ಸರಿ, "ಲಸಿಕೆಯಿಂದ ಸತ್ರು" ಅನ್ನೋದಕ್ಕೆ ಆಧಾರ ಸಿಗ್ಲಿಲ್ಲ. ಮೂರೂ ಬೇರೆ ಬೇರೆ ಮಾತು, ವಿಡಿಯೋ ಮೂರನ್ನೂ ಒಂದೇ ಮುದ್ದೆ ಮಾಡಿ ನಿಮ್ಮ ಕೈಗೆ ಕೊಟ್ಟಿದೆ.

ಈಗ ಹುಡುಕೋ ವಿಷಯ. ನನಗೆ ಹೊಳೆದ ಮುಖ್ಯ ಮಾತು ಇದು: ಸುದ್ದಿ ನಮ್ಮನ್ನ ಹುಡುಕ್ಕೊಂಡು ಬರೋದು ಬೇರೆ, ನಾವು ಸುದ್ದಿ ಹುಡುಕ್ಕೊಂಡು ಹೋಗೋದು ಬೇರೆ. ವಾಟ್ಸಾಪಿಗೆ ಬಂದಿದ್ದು, ಫೇಸ್‌ಬುಕ್ ತೆಗೆದ ಕೂಡ್ಲೆ ಕಂಡಿದ್ದು, ಒಂದು ರೀಲ್ಸ್ ಆದ್ಮೇಲೆ ತಾನೇ ಓಡಿದ ಇನ್ನೊಂದು ರೀಲ್ಸ್, ಇವನ್ನೆಲ್ಲ ನಾವು ಕೇಳಿರಲ್ಲ, ಯಾರೋ ಕಳ್ಸಿರ್ತಾರೆ ಅಥವಾ ಆ ಕಂಪನಿಯ ಲೆಕ್ಕಾಚಾರ ಕಳ್ಸಿರುತ್ತೆ, ಹೆದರಿಕೆ ಹುಟ್ಟಿಸೋದನ್ನ ಜನ ಬೇಗ ಮುಂದಕ್ಕೆ ಕಳಿಸ್ತಾರೆ ಅನ್ನೋದು ನಮಗೇ ಗೊತ್ತಲ್ಲ. ಇವತ್ತು ನಮ್ಮಲ್ಲಿ ಎಷ್ಟೋ ಜನ "ಇಂಟರ್ನೆಟ್ಟಲ್ಲಿ ನೋಡ್ದೆ" ಅಂದ್ರೆ ಅರ್ಥ ಇದೇ, ಬಂದಿದ್ದನ್ನ ನೋಡ್ದೆ ಅಂತ. ನೀವು ಒಂದು ಹೆಜ್ಜೆ ಮುಂದೆ ಹೋಗಿ ಗೂಗಲ್ ಮಾಡಿದ್ರಿ, ಅದು ದೊಡ್ಡ ವಿಷಯ. ಆದ್ರೆ ಅಲ್ಲೂ ಒಂದು ತೊಡಕಿದೆ. ನಾವು ಏನಂತ ಟೈಪ್ ಮಾಡ್ತೀವೋ ಅದೇ ನಮಗೆ ಬಡಿಸ್ತಾರೆ. "ಎಚ್‌ಪಿವಿ ಲಸಿಕೆ ಸಾವು" ಅಂತ ಹಾಕಿದ್ರೆ ಸಾವು ಅಂತ ಬರ್ದಿರೋ ಪುಟಗಳೇ ಮೇಲೆ ಬರ್ತವೆ, "ಎಚ್‌ಪಿವಿ ಲಸಿಕೆ ಲಾಭ" ಅಂತ ಹಾಕಿದ್ರೆ ಹೊಗಳಿರೋವು. ನಾನು ಮೊದಲ ಸಂಜೆ ಪೂರ್ತಿ ಇದ್ರಲ್ಲೇ ಸುತ್ತಿದೆ. ಎರಡನೇ ಸಂಜೆ ಭಯದ ಮಾತು ಬಿಟ್ಟು ಊರ ಹೆಸರು ಹಿಡ್ಕೊಂಡೆ: ಖಮ್ಮಂ, ವಡೋದರಾ, 2010, ತನಿಖಾ ಸಮಿತಿ ವರದಿ. ಆಗ ದಾರಿ ತೆರ್ಕೊಂತು. ಯಾವುದೇ ಫಾರ್ವರ್ಡ್ ಬಂದ್ರೂ ಅದ್ರಲ್ಲಿ ಊರು, ವರ್ಷ, ಸಂಸ್ಥೆ ಇದೆಯಾ ನೋಡಿ, ಇದ್ರೆ ಅದನ್ನೇ ಹುಡುಕಿ, ಒಂದೂ ಇಲ್ಲ ಅಂದ್ರೆ ಅದನ್ನ ಅಲ್ಲೇ ಬಿಡಿ, ಇನ್ನೊಬ್ಬರಿಗೆ ಕಳಿಸ್ಬೇಡಿ.

ಇನ್ನೊಂದು. ಒಂದು ವೆಬ್‌ಸೈಟೋ ಯೂಟ್ಯೂಬ್ ಚಾನೆಲ್ಲೋ ನಂಬೋ ಹಾಗಿದೆಯಾ ಅಂತ ತಿಳ್ಕೊಳ್ಳೋಕೆ ನಾವು ಅದನ್ನೇ ದಿಟ್ಟಿಸಿ ನೋಡ್ತಾ ಕೂರ್ತೀವಿ, ಬಿಳಿ ಕೋಟು ಹಾಕಿದ್ದಾರಾ, ಇಂಗ್ಲಿಷ್ ಚೆನ್ನಾಗಿದೆಯಾ ಅಂತೆಲ್ಲ. ಮಗಳಿಗೆ ಗಂಡು ನೋಡುವಾಗ ಹುಡುಗ ಹೆಂಗೆ ಅಂತ ಅವರ ಮನೆಯವರನ್ನೇ ಕೇಳ್ತೀವಾ? ಇಲ್ಲ, ಅವರ ಬೀದಿಯಲ್ಲಿ ವಿಚಾರಿಸ್ತೀವಿ. ಇಲ್ಲೂ ಅಷ್ಟೇ, ಆ ಪುಟದಿಂದ ಹೊರಗೆ ಬಂದು ಆ ಹೆಸರನ್ನ ಬೇರೆಯಾಗಿ ಹುಡುಕಿ, ಬೇರೆಯವರು ಇವರ ಬಗ್ಗೆ ಏನಂತಾರೆ, ಇವರು ಏನು ಮಾರ್ತಾರೆ ಅಂತ. ವಿಡಿಯೋ ಕೆಳಗೆ ಚೂರ್ಣದ ಜಾಹೀರಾತು ಇದ್ರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಈಗಂತೂ ಸರ್ಚ್ ಮಾಡಿದ ಕೂಡ್ಲೆ ಮೇಲ್ಗಡೆ ಎಐ ಬರ್ದ ಉತ್ತರಾನೂ ಬರ್ತಾ ಇದೆ, ಅದನ್ನ ಓದಿ ತಪ್ಪಿಲ್ಲ, ಆದ್ರೆ ಅದು ಎಲ್ಲಿಂದ ತಗೊಂಡಿದೆ ಅನ್ನೋ ಲಿಂಕ್ ಒತ್ತಿ ನೋಡದೆ ಮಗಳ ವಿಷಯದಲ್ಲಿ ತೀರ್ಮಾನ ಮಾಡ್ಬೇಡಿ.

ಕನ್ನಡದಲ್ಲಿ ಹುಡುಕಿದ್ರೆ ಏನಾಗುತ್ತೆ ಅನ್ನೋದನ್ನ ನಾನು ನೋವಿಂದಾನೇ ಬರೀಬೇಕು. ಈ ಕಾಯಿಲೆಗೆ ನಮ್ಮಲ್ಲಿ ಒಂದೇ ಹೆಸರಿಲ್ಲ, ಗರ್ಭಕಂಠದ ಕ್ಯಾನ್ಸರ್ ಅಂತ ಕೆಲವರು, ಗರ್ಭಕೋಶದ ಬಾಯಿ ಕ್ಯಾನ್ಸರ್ ಅಂತ ಕೆಲವರು, ಬರೀ ಗರ್ಭಕೋಶದ ಕ್ಯಾನ್ಸರ್ ಅಂತಾನೂ ಬರೀತಾರೆ, ಆದ್ರೆ ಆ ಕೊನೇದು ನಿಜವಾಗಿ ಬೇರೆ ಕಾಯಿಲೆ. ಹಾಗಾಗಿ ಒಂದು ಹೆಸರಲ್ಲಿ ಹುಡುಕಿ ಸಿಗ್ಲಿಲ್ಲ ಅಂತ ಬಿಡ್ಬೇಡಿ, ಎಲ್ಲ ಹೆಸರೂ ಹಾಕಿ, "ಸರ್ವೈಕಲ್ ಕ್ಯಾನ್ಸರ್" ಅಂತಾನೂ ಹಾಕಿ. ನಿಮಗೆ ಇಂಗ್ಲಿಷ್ ಅಷ್ಟಿಷ್ಟು ಬರುತ್ತೆ ಅಂದ್ರಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಪುಟ ತೆಗೆದು ಫೋನಲ್ಲೇ ಕನ್ನಡಕ್ಕೆ ಅನುವಾದ ಮಾಡಿಸಿ ಓದಿ, ಕನ್ನಡ ಒರಟಾಗಿರುತ್ತೆ, ಆದ್ರೂ ವಿಷಯ ತಿಳಿಯುತ್ತೆ.

ಈಗ ವಿಜ್ಞಾನಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಜಪಾನ್ ದೇಶದಲ್ಲಿ ನಿಮ್ಮ ಗ್ರೂಪಲ್ಲಿ ಆದಂಗೇ ಆಯ್ತು, ಇಡೀ ದೇಶದ ಮಟ್ಟಕ್ಕೆ. 2013ರಲ್ಲಿ ಲಸಿಕೆ ಹಾಕಿಸ್ಕೊಂಡ ಕೆಲವು ಹುಡುಗಿಯರು ನಡುಗ್ತಾ ಇರೋ, ನಡೆಯೋಕೆ ಕಷ್ಟ ಪಡೋ ವಿಡಿಯೋಗಳು ಟಿವಿಯಲ್ಲಿ ಇಂಟರ್ನೆಟ್ಟಲ್ಲಿ ಓಡಾಡಿದ್ವು, ಜೂನಲ್ಲಿ ಸರ್ಕಾರ ತಾನಾಗಿ ಶಿಫಾರಸು ಮಾಡೋದನ್ನ ನಿಲ್ಲಿಸ್ತು, ಶೇಕಡಾ 70ರ ಹತ್ತಿರ ಇದ್ದ ಲಸಿಕೆ ಪ್ರಮಾಣ ಶೇಕಡಾ 1ಕ್ಕಿಂತ ಕೆಳಗೆ ಇಳೀತು. ಆ ಮಕ್ಕಳ ಸಂಕಟ ನಾಟಕ ಅಂತ ನಾನು ಖಂಡಿತ ಹೇಳ್ತಾ ಇಲ್ಲ. ಆದ್ರೆ ಅದು ಲಸಿಕೆಯಿಂದಾನೇ ಬಂತಾ ಅಂತ ತಿಳೀಬೇಕು ಅಂದ್ರೆ ಲಸಿಕೆ ಹಾಕಿಸದೇ ಇರೋ ಮಕ್ಕಳಲ್ಲೂ ಅದೇ ತೊಂದರೆ ಎಷ್ಟಿದೆ ಅಂತ ಎಣಿಸ್ಬೇಕಲ್ವಾ? ನಗೋಯಾ ಅನ್ನೋ ಊರಲ್ಲಿ ಅದನ್ನೇ ಮಾಡಿದ್ರು. ಸುಮಾರು 30 ಸಾವಿರ ಹೆಣ್ಮಕ್ಕಳು ಉತ್ತರ ಕೊಟ್ರು, 24 ಥರದ ಲಕ್ಷಣ ಕೇಳಿದ್ರು, ಲಸಿಕೆ ಹಾಕಿಸಿದವರಲ್ಲಿ ಅವು ಹೆಚ್ಚೇನೂ ಇರ್ಲಿಲ್ಲ ಅಂತ 2018ರಲ್ಲಿ ಪ್ರಕಟ ಆಯ್ತು. ಜಪಾನ್ ಸರ್ಕಾರ ಮತ್ತೆ ಶಿಫಾರಸು ಶುರು ಮಾಡಿದ್ದು 2022ರ ಏಪ್ರಿಲಲ್ಲಿ. ಒಂದು ವಿಡಿಯೋ ನೋಡೋಕೆ ಮೂರು ನಿಮಿಷ ಸಾಕು, ಆ ಎಣಿಕೆಗೆ ವರ್ಷಗಟ್ಟಲೆ ಹಿಡೀತು, ಮಧ್ಯದಲ್ಲಿ ಸುಮಾರು ಒಂಬತ್ತು ವರ್ಷ ಎಷ್ಟು ಹೆಣ್ಮಕ್ಕಳು ಲಸಿಕೆ ಇಲ್ಲದೆ ಬೆಳೆದ್ರು ಯೋಚ್ನೆ ಮಾಡಿ.

ನಮ್ಮ ಲೇಖನದಲ್ಲಿ "ಅಧ್ಯಯನಗಳ ಪ್ರಕಾರ" ಅಂತ ಬರ್ದಿದ್ದಕ್ಕೆ ಆಧಾರ ಎಲ್ಲಿದೆ ಅಂತ ಕೇಳಿದ್ರಿ, ಈಗ ಹೆಸರು ಹೇಳ್ತೀನಿ. ಸ್ವೀಡನ್ನಲ್ಲಿ ಸುಮಾರು 16.7 ಲಕ್ಷ ಹೆಣ್ಮಕ್ಕಳ ದಾಖಲೆ ನೋಡಿ ಮಾಡಿದ ಅಧ್ಯಯನ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೇಲಿ 2020ರಲ್ಲಿ ಬಂದಿದ್ದು: 17 ವರ್ಷಕ್ಕೆ ಮುಂಚೆ ಲಸಿಕೆ ಹಾಕಿಸ್ಕೊಂಡವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇಕಡಾ 88ರಷ್ಟು ಕಡಿಮೆ. ಸ್ಕಾಟ್ಲೆಂಡಿನ ಅಧ್ಯಯನ 2024ರ ಜನವರಿಯಲ್ಲಿ ಬಂತು: 12-13 ವರ್ಷದಲ್ಲಿ, ಅಂದ್ರೆ ನಿಮ್ಮ ಮಗಳ ವಯಸ್ಸಲ್ಲಿ, ಪೂರ್ತಿ ಲಸಿಕೆ ಆದವರಲ್ಲಿ ಈ ಕ್ಯಾನ್ಸರ್ ಒಂದೂ ಕಾಣಿಸ್ಲಿಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಈ ಕ್ಯಾನ್ಸರ್ ಬರುತ್ತೆ, 80 ಸಾವಿರದ ಹತ್ತಿರ ಜನ ಸಾಯ್ತಾರೆ ಅನ್ನೋದು 2022ರ ಅಂದಾಜು. ಇಂಥ ಅಧ್ಯಯನಗಳನ್ನ ಪಬ್‌ಮೆಡ್ ಅನ್ನೋ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ದುಡ್ಡು ಕೊಡದೆ ಹುಡುಕ್ಬಹುದು, ಪೂರ್ತಿ ಲೇಖನ ಎಲ್ಲದಕ್ಕೂ ಸಿಗಲ್ಲ, ಆದ್ರೆ ಸಾರಾಂಶ ಸಾಮಾನ್ಯವಾಗಿ ಸಿಗುತ್ತೆ. ಅದ್ರಲ್ಲಿ ಎಷ್ಟು ಜನರನ್ನ ನೋಡಿದ್ರು, ಯಾರ ಜತೆ ಹೋಲಿಸಿದ್ರು, ಎಷ್ಟು ವರ್ಷ ನೋಡಿದ್ರು ಅನ್ನೋ ಮೂರು ಸಾಲು ಹುಡುಕಿ, ಉಳಿದಿದ್ದು ಅರ್ಥ ಆಗದಿದ್ರೂ ಪರ್ವಾಗಿಲ್ಲ.

ತಾರೀಖು ನೋಡೋದನ್ನ ಮರೀಬೇಡಿ, ಇದು ನನಗೇ ತಲೆ ಕೆಡಿಸ್ತು. ಒಂದು ಪುಟದಲ್ಲಿ ಮೂರು ಡೋಸ್, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಒಂದೇ ಸಾಕು ಅಂತಿತ್ತು. ಯಾರೂ ಸುಳ್ಳು ಹೇಳಿರ್ಲಿಲ್ಲ. ಶುರುವಲ್ಲಿ ಮೂರಿತ್ತು, 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 15 ವರ್ಷದೊಳಗಿನ ಹೆಣ್ಮಕ್ಕಳಿಗೆ ಎರಡು ಸಾಕು ಅಂತು, 2022ರ ಡಿಸೆಂಬರಲ್ಲಿ ಒಂದು ಅಥವಾ ಎರಡು ಅಂತು. ವಿಜ್ಞಾನದವರು ಮಾತು ಬದಲಾಯಿಸ್ತಾರೆ ಅಂತ ಜನ ಬೈತಾರೆ, ನನಗಂತೂ ಹೊಸ ಲೆಕ್ಕ ಬಂದಾಗ ಹಳೇದನ್ನ ತಿದ್ದಿಕೊಳ್ಳೋರ ಮೇಲೇನೇ ನಂಬಿಕೆ ಜಾಸ್ತಿ.

ದೊಡ್ಡ ಟಿವಿ ಚಾನೆಲ್, ದೊಡ್ಡ ಪೇಪರ್ ಅಂದ ಮಾತ್ರಕ್ಕೆ ಸಾಕು ಅಂತಾನೂ ಹೇಳಲ್ಲ. 2024ರ ಫೆಬ್ರವರಿ 2ರಂದು ಒಬ್ಬ ನಟಿ ಇದೇ ಕ್ಯಾನ್ಸರಿಂದ ತೀರಿಕೊಂಡ್ರು ಅಂತ ಅವರ ಇನ್‌ಸ್ಟಾಗ್ರಾಂ ಖಾತೆಯಲ್ಲೇ ಬಂತು, ಎಷ್ಟೋ ಸುದ್ದಿಮನೆಗಳು ಅದನ್ನೇ ಸುದ್ದಿ ಮಾಡಿದ್ವು, ಮಾರನೇ ದಿನ ಆಕೆನೇ ವಿಡಿಯೋದಲ್ಲಿ ಬಂದು ನಾನು ಬದುಕಿದ್ದೀನಿ, ಜಾಗೃತಿಗೆ ಮಾಡಿದ್ದು ಅಂದ್ರು. ಹತ್ತು ಕಡೆ ಬಂದಿದ್ರೂ ಹತ್ತೂ ಒಂದೇ ಪೋಸ್ಟಿಂದ ಹುಟ್ಟಿದ್ವು, ಹಾಗಾಗಿ ಅದು ಹತ್ತು ಸಾಕ್ಷಿ ಆಗ್ಲಿಲ್ಲ, ಒಂದೇ ಸಾಕ್ಷಿ.

ಇನ್ನು ನೀವು ನಮಗೆ ಹೇಳಿದ್ದು. ನಮಗೂ ಆ ವಿಡಿಯೋಗೂ ಏನು ವ್ಯತ್ಯಾಸ ಅಂತ. ಓದಿದಾಗ ನೋವಾಯ್ತು, ಆಮೇಲೆ ನಮ್ಮ ಹಳೇ ಸಂಚಿಕೆಗಳನ್ನ ತೆಗೆದು ನೋಡಿದೆ, "ಸಂಶೋಧನೆಯೊಂದರ ಪ್ರಕಾರ", "ತಜ್ಞರು ಹೇಳುವಂತೆ" ಅಂತ ನಾವು ಎಷ್ಟು ಕಡೆ ಬರ್ದಿದ್ದೀವಿ ಅಂದ್ರೆ ನೀವು ಕೇಳಿದ್ದು ಪೂರ್ತಿ ನ್ಯಾಯ. ಯಾವ ದೇಶ, ಯಾವ ಪತ್ರಿಕೆ, ಯಾವ ವರ್ಷ ಅಂತ ಹೇಳದೆ ನಂಬಿ ಅಂದ್ರೆ ಯಾಕೆ ನಂಬ್ಬೇಕು? ಮುಂದಿನ ಸಂಚಿಕೆಯಿಂದ ಆರೋಗ್ಯ, ವಿಜ್ಞಾನದ ಲೇಖನ ಯಾವುದೇ ಇರ್ಲಿ, ಅಧ್ಯಯನ ಎಲ್ಲಿ ಯಾವಾಗ ಪ್ರಕಟ ಆಯ್ತು ಅಂತ ಲೇಖನದ ಒಳಗೇ ಇರುತ್ತೆ, ಇಲ್ಲದ ಲೇಖನ ಅಚ್ಚಿಗೆ ಹೋಗಲ್ಲ ಅಂತ ಬರೆಯೋರಿಗೆಲ್ಲ ಹೇಳಿದ್ದೀನಿ. ಆ ಹಳೇ ಲೇಖನಾನೂ ಈ ಹೆಸರುಗಳನ್ನ ಸೇರಿಸಿ ಮತ್ತೆ ಹಾಕ್ತೀವಿ.

ಕೊನೇದಾಗಿ ನಿಮ್ಮ ಮಗಳು. ನಾನು ಡಾಕ್ಟರ್ ಅಲ್ಲ. ಓದಿದ್ರಿಂದ ನನಗನ್ನಿಸಿದ್ದು ಹಾಕಿಸೋದು ಒಳ್ಳೇದು ಅಂತ, ಆದ್ರೆ ಈ ಪುಟ ತಗೊಂಡು ನಿಮ್ಮ ಡಾಕ್ಟರ್ ಹತ್ರ ಹೋಗಿ ಮುಕ್ತವಾಗಿ ಕೇಳಿ: ಯಾವ ಕಂಪನಿ ಲಸಿಕೆ, ಎಷ್ಟು ಡೋಸ್, ಅವಳಿಗೆ ಏನಾದ್ರೂ ಅಲರ್ಜಿ ಇದ್ರೆ ಏನು ಮಾಡೋದು. ತೋಳು ನೋಯೋದು, ಸಣ್ಣ ಜ್ವರ ಸಾಮಾನ್ಯ, ಕೆಲವು ಮಕ್ಕಳು ಸೂಜಿ ಆದ ತಕ್ಷಣ ತಲೆ ಸುತ್ತಿ ಬೀಳ್ತಾರೆ, ಅದಕ್ಕೆ ಕಾಲು ಗಂಟೆ ಅಲ್ಲೇ ಕೂರಿಸ್ಕೊಳ್ತಾರೆ. ಲಸಿಕೆ ಹಾಕಿಸಿದ್ರೂ ಮುಂದೆ ವಯಸ್ಕಳಾದ್ಮೇಲೆ ಈ ಕ್ಯಾನ್ಸರಿನ ತಪಾಸಣೆ ಬಿಡೋ ಹಾಗಿಲ್ಲ, ನಿಮ್ಮ ವಯಸ್ಸಿನವರಿಗಂತೂ ಆ ತಪಾಸಣೆ ಈಗಲೇ ಬೇಕು, ಅದನ್ನೂ ಕೇಳ್ಕೊಂಡು ಬನ್ನಿ. ಹೋಗೋಕೆ ಮುಂಚೆ ಮಗಳನ್ನೂ ಪಕ್ಕ ಕೂರಿಸ್ಕೊಂಡು ಇದು ಯಾಕೆ ಏನು ಅಂತ ಹೇಳಿ. ಖಮ್ಮಂನ ಹಾಸ್ಟೆಲಲ್ಲಿ ಆ ಮಕ್ಕಳ ಅಪ್ಪ ಅಮ್ಮನಿಗೆ ಯಾರೂ ಹೇಳಿರ್ಲಿಲ್ಲ.