ಸಾಕಿದ ನಾಯಿ ತೀರಿಕೊಂಡಿದೆ, ಸಂಕಟ ತಡೆಯೋಕಾಗ್ತಿಲ್ಲ, ಏನು ಮಾಡಲಿ?

ಎಂಟು ವರ್ಷ ಸಾಕಿದ ನಾಯಿ ಉಣುಗು ಕಚ್ಚಿ ಬಂದ ಜ್ವರದಿಂದ ಹೋಯಿತು, ಬೇಗ ಡಾಕ್ಟರಿಗೆ ತೋರಿಸಿದ್ದರೆ ಉಳಿಯುತ್ತಿತ್ತೇನೋ ಅನ್ನುವ ಕೊರಗು ಬಿಡುತ್ತಿಲ್ಲ, ಮನೆಯವರು ನೋಡಿದರೆ "ನಾಯಿ ತಾನೇ, ಇನ್ನೊಂದು ತಂದರಾಯ್ತು" ಅನ್ನುತ್ತಾರೆ ಅಂತ ಬರೆದಿದ್ದೀರಿ. ಮೊದಲು ಆ ಕೊರಗಿನ ವಿಷಯ ಹೇಳುತ್ತೇನೆ. ದುಃಖಕ್ಕಿಂತ ಜಾಸ್ತಿ ಮನುಷ್ಯರನ್ನು ತಿನ್ನೋದು ಅದೇ.

ನಮ್ಮದು ತೀರ್ಥಹಳ್ಳಿ ಕಡೆ. ತೋಟ ದಾಟಿದರೆ ಕಾಡು. ನಾಯಿ ಒಂದು ಸುತ್ತು ತಿರುಗಿ ಬಂದರೆ ಕಿವಿ ಸಂದಿಯಲ್ಲಿ, ಬೆರಳ ಸಂದಿಯಲ್ಲಿ ಉಣುಗು ಇದ್ದೇ ಇರುತ್ತದೆ. ಅದು ಕಚ್ಚಿದಾಗ ರಕ್ತ ಸೇರುವ ರೋಗಾಣು ಕೆಲವು ಸಲ ತಿಂಗಳುಗಟ್ಟಲೆ ಒಳಗೇ ಇರುತ್ತದೆ. ನಾಯಿ ಆರಾಮಾಗಿ ಓಡಾಡಿಕೊಂಡಿರುತ್ತದೆ. ಅನ್ನ ಬಿಟ್ಟು, ಒಸಡು ಬಿಳುಚಿ, ಮೂಗಲ್ಲಿ ರಕ್ತ ಬರುವ ಹೊತ್ತಿಗೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ತುಂಬಾ ಇಳಿದಿರಬಹುದು. ಮೈ ಹುಷಾರಿಲ್ಲ ಅಂತ ತೋರಿಸಿಕೊಳ್ಳುವುದೂ ನಾಯಿಗಳಿಗೆ ಕಡಿಮೆ. ನಿಮಗೆ ಈಗ ಗೊತ್ತಾಗಿರುವುದು ಆಗ ಗೊತ್ತಿರಲಿಲ್ಲ, ಅಲ್ವಾ? ಒಮ್ಮೆ ಆ ಡಾಕ್ಟರ್ ಹತ್ತಿರವೇ ಹೋಗಿ, ಎರಡು ದಿನ ಮೊದಲು ಬಂದಿದ್ದರೆ ಏನಾಗುತ್ತಿತ್ತು ಅಂತ ಕೇಳಿಬಿಡಿ. ರಾತ್ರಿಯಿಡೀ ಒಬ್ಬರೇ ಯೋಚಿಸೋದಕ್ಕಿಂತ ಅದು ವಾಸಿ.

ನಮ್ಮ ನಾಯಿ ಕೆಂಚನನ್ನು ಚಿರತೆ ಹೊತ್ತುಕೊಂಡು ಹೋಯಿತು. ಮಲೆನಾಡಲ್ಲಿ ನಾಯಿ ಸಾಕಿದ ಎಷ್ಟೋ ಮನೆಗಳ ಕಥೆ ಇದು. ಮಾರನೇ ದಿನ ತೋಟದ ಬಸಿಗಾಲುವೆಯಲ್ಲಿ ಅವನ ಕುತ್ತಿಗೆಯ ಬೆಲ್ಟ್ ಸಿಕ್ಕಿತು. ಬಕಲ್ ಹತ್ತಿರ ಕಿತ್ತು ಹೋಗಿತ್ತು, ಕೆಂಪು ಕೂದಲು ಅಂಟಿಕೊಂಡಿತ್ತು. ಹೂಳೋಕೆ ಬೇರೇನೂ ಇರಲಿಲ್ಲ. ಅಪ್ಪಯ್ಯ ಆ ಬೆಲ್ಟನ್ನೇ ಹಲಸಿನ ಮರದ ಹತ್ತಿರ ಹೂತು, ಮೇಲೊಂದು ದಾಸವಾಳದ ಗೆಲ್ಲು ನೆಟ್ಟರು. ಅಲ್ಲಿವರೆಗೆ ಗಟ್ಟಿಯಾಗಿದ್ದ ಅಮ್ಮ ಅಲ್ಲಿ ಕೂತು ಜೋರಾಗಿ ಅತ್ತುಬಿಟ್ಟಳು. ಅಳೋಕೆ ಒಂದು ಜಾಗ ಬೇಕು ಅನ್ನೋದು ನನಗೆ ಗೊತ್ತಾಗಿದ್ದು ಆಗಲೇ. ನೀವು ಹೂತ ಜಾಗದಲ್ಲೂ ಏನಾದರೂ ನೆಡಿ. ಹೂತಿಲ್ಲವಾದರೆ ಅದು ಉಣ್ಣುತ್ತಿದ್ದ ತಟ್ಟೆಯನ್ನೋ ಸರಪಳಿಯನ್ನೋ ಹೂಳಿ. ಯಾರು ಏನೆಂದುಕೊಂಡರೂ ಚಿಂತೆ ಬೇಡ.

ನನಗೆ ಇಡೀ ದಿನ ಒಂದೇ ಥರ ಸಂಕಟ ಆಗುತ್ತಿರಲಿಲ್ಲ. ರಾತ್ರಿ ಊಟ ಮುಗಿಯುವ ಹೊತ್ತು ತಡೆಯೋಕೆ ಆಗುತ್ತಿರಲಿಲ್ಲ. ಮಿಕ್ಕ ಅನ್ನಕ್ಕೆ ಕೈ ತಾನಾಗೇ ಮಜ್ಜಿಗೆ ಕಲಸುತ್ತಿತ್ತು, ಹಿಂಬಾಗಿಲವರೆಗೆ ಹೋದ ಮೇಲೆ ನೆನಪಾಗುತ್ತಿತ್ತು. ನಿಮಗೂ ಅಂಥ ಹೊತ್ತು ಒಂದೋ ಎರಡೋ ಇರುತ್ತದೆ. ಆ ಹೊತ್ತಲ್ಲಿ ಒಬ್ಬರೇ ಇರಬೇಡಿ. ನಾಯಿಯನ್ನು ಕಂಡಿದ್ದ ಯಾರಿಗಾದರೂ ಫೋನ್ ಮಾಡಿ, ಅದರ ಬಗ್ಗೆಯೇ ಮಾತಾಡಿ. ನಾನು ಅಕ್ಕನಿಗೆ ಮಾಡುತ್ತಿದ್ದೆ. ಅವಳೂ ಅಳುತ್ತಿದ್ದಳು, ಆಮೇಲೆ ಕೆಂಚ ಕೋಳಿಗೂಡಲ್ಲಿ ಸಿಕ್ಕಿಹಾಕಿಕೊಂಡಿದ್ದು ನೆನೆದು ಇಬ್ಬರೂ ನಗುತ್ತಿದ್ದೆವು.

ಇನ್ನು ಹೊಸ ಮರಿ. ಬೇರೆಯವರ ಒತ್ತಾಯಕ್ಕೆ ಖಂಡಿತ ತರಬೇಡಿ. ಬಂದ ಮರಿಯಲ್ಲಿ ಹೋದ ನಾಯಿಯನ್ನು ಹುಡುಕುತ್ತೀರಿ, ಪಾಪ ಅದಕ್ಕೇನು ಗೊತ್ತು? ಮುಂದೆ ಮನಸ್ಸಾದರೆ, ಹಳೆಯ ನಾಯಿ ಮಲಗುತ್ತಿದ್ದ ಗೋಣಿಚೀಲ ಸುಟ್ಟು, ಗೋಡೆ ಬಿರುಕು, ಮೂಲೆಗಳಿಗೆಲ್ಲ ಔಷಧಿ ಹೊಡೆಸಿದ ಮೇಲೆ ತನ್ನಿ. ಉಣುಗು ರಕ್ತ ಸಿಗದೆಯೂ ತಿಂಗಳುಗಟ್ಟಲೆ ಬದುಕಿರುತ್ತದೆ.

ವಾರಗಳು ಕಳೆದರೂ ನಿದ್ದೆ ಬರದೆ, ಊಟ ಸೇರದೆ ಇದ್ದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾಯಿ ಸತ್ತಿದ್ದಕ್ಕೆ ಫೋನ್ ಮಾಡೋದಾ ಅಂತ ಸಂಕೋಚ ಪಡಬೇಡಿ.